ನಡೆ ಎಂಬ ಮಾತು

ಬಹಳ ಕೈ ದಾಟಿದ ನಾಣ್ಯದ ಮೇಲೆ ಮುದ್ರೆ ಸವೆದುಹೋಗುವಂತೆ, ಬಹಳ ಬಾಯಿ ದಾಟಿದ ಮಾತಿನ ಮೇಲೆ ಅರ್ಥವೂ ಸವೆಯುತ್ತದೆ. ಅಂಥ ಮಾತನ್ನು ನಾವು ಪಡೆಯುತ್ತೇವೆ, ಕೊಡುತ್ತೇವೆ. ಬೆಳಕಿಗೆ ಹಿಡಿದು ನೋಡುವುದಿಲ್ಲ. 'ನಡೆ' ಎಂಬುದು ಕನ್ನಡದಲ್ಲಿ ಅಂಥದೊಂದು ಮಾತು.

ಬೆಳಗಿನಿಂದ ರಾತ್ರಿಯವರೆಗೆ ಒಂದು ಮನೆಯಲ್ಲಿ ಈ ಮಾತು ಎಷ್ಟು ವೇಷಗಳಲ್ಲಿ ಬಂದುಹೋಗುವುದೆಂಬುದನ್ನು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಮಗು ಗೋಡೆ ಹಿಡಿದು ನಡೆಯುತ್ತದೆ. ಬೀದಿಯ ತುದಿಯ ಅಂಗಡಿ ಚೆನ್ನಾಗಿ ನಡೆಯುತ್ತದೆ. ಅದರ ಪಕ್ಕದ್ದು ನಡೆಯಲಿಲ್ಲ, ಮುಚ್ಚಿತು. ನೆರೆಮನೆಯಲ್ಲಿ ಮದುವೆ ನಡೆಯುತ್ತದೆ. ಊರಾಚೆಯಲ್ಲಿ ಕಳವು ನಡೆಯುತ್ತದೆ. ಹರಿದ ನೋಟು ನಡೆಯುವುದಿಲ್ಲ. ಈ ಮನೆಯಲ್ಲಿ ತನ್ನ ಮಾತು ನಡೆಯುವುದಿಲ್ಲವೆಂದು ಅಜ್ಜಿ ಕೊರಗುತ್ತಾಳೆ. ಕಾಫಿಗೆ ಸಕ್ಕರೆ ಕಡಮೆಯಾಯಿತೇ ಎಂದರೆ ಬಂದವರು 'ನಡೆಯುತ್ತದೆ' ಎನ್ನುತ್ತಾರೆ. ಮನೆದೇವರು ಯಾವುದೆಂದು ಕೇಳಿದರೆ 'ನಾವು ಮಾದೇಶ್ವರನಿಗೆ ನಡೆದುಕೊಳ್ಳುವವರು' ಎಂಬ ಉತ್ತರ ಬರುತ್ತದೆ. ಹೆಣ್ಣು ಕೊಡುವವರು ಗಂಡಿನ ನಡತೆಯನ್ನು ವಿಚಾರಿಸುತ್ತಾರೆ. ಚದುರಂಗದ ಕಾಯಿಗೆ ಒಂದು ನಡೆ, ಮೃದಂಗದವನ ತಾಳಕ್ಕೆ ಒಂದು ನಡೆ. ಸಂಘದ ಸಭೆಯಲ್ಲಿ ಆದ ನಿರ್ಣಯಗಳನ್ನು ಬರೆದಿಡುವ ಪುಸ್ತಕ ನಡವಳಿ ಪುಸ್ತಕ. ಕಡೆಗೆ, ಆಗಬಾರದ್ದು ಆದ ಮನೆಯಲ್ಲಿ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು 'ನಡೆದದ್ದು ನಡೆದುಹೋಯಿತು' ಎನ್ನುತ್ತಾರೆ.

ಒಂದೇ ಮಾತು ಇಷ್ಟು ಮನೆಗಳ ಹೊಸ್ತಿಲು ತುಳಿಯಬಹುದೇ? ಇದು ಬರಿಯ ನಿಘಂಟುಕಾರರ ಕುತೂಹಲವೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಈ ಅರ್ಥಗಳು ಒಂದರಿಂದೊಂದು ಹುಟ್ಟಿರುವ ಬಗೆಯಲ್ಲಿ ಒಂದು ನೀತಿಯಿದೆ. ಒಂದರೊಳಕ್ಕೊಂದು ಜಾರುವ ಬಗೆಯಲ್ಲಿ ಒಂದು ಅಪಾಯವೂ ಇದೆ. ಅವೆರಡನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅರ್ಥಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ಅವು ಸ್ಥೂಲವಾಗಿ ಮೂರು ಪಾಲಾಗುತ್ತವೆ. ಮೊದಲನೆಯದು ಕಾಲಿನ ನಡೆ. ಎರಡನೆಯದು ಬಾಳಿನ ನಡೆ, ಎಂದರೆ ನಡತೆ, ನಡವಳಿಕೆ, ನಡೆನುಡಿ. ಮೂರನೆಯದು ಲೋಕದ ನಡೆ, ಎಂದರೆ ಸಂಭವಿಸುವುದು, ಸಾಗುವುದು, ಸಲ್ಲುವುದು. ಮೊದಲನೆಯದರಿಂದ ಎರಡನೆಯದಕ್ಕೆ ದಾಟಿದವರು ನಾವು ಮಾತ್ರವೇ ಅಲ್ಲ. ತಮಿಳಿನ 'ನಡತ್ತೈ', ತೆಲುಗಿನ 'ನಡತ' ನಮ್ಮ ನಡತೆಯ ಒಡಹುಟ್ಟುಗಳೇ. ಸಂಸ್ಕೃತದಲ್ಲಿ ಸಂಚರಿಸುವುದೆಂಬ ಅರ್ಥದ 'ಚರ್' ಧಾತುವಿನಿಂದಲೇ ಆಚಾರ, ಚರಿತ, ಚಾರಿತ್ರ್ಯಗಳು ಬಂದಿವೆ. ವಿಚಾರವೂ ಅದೇ ಮನೆಯದು. ಯೆಹೂದ್ಯರು ತಮ್ಮ ಧರ್ಮಾಚಾರದ ಕಟ್ಟಳೆಯನ್ನು 'ಹಲಾಖಾ' ಎಂದು ಕರೆಯುತ್ತಾರೆ. ಆ ಹೆಸರು ನಡೆಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಚೀನೀಯರ 'ಶಿಂಗ್' ಎಂಬ ಮಾತಿಗೆ ನಡೆಯುವುದೆಂದೂ ಅರ್ಥ, ಆಚರಿಸುವುದೆಂದೂ ಅರ್ಥ; ಇಂದಿನ ಅವರ ಆಡುಮಾತಿನಲ್ಲಿ, ಕಾಫಿಯ ಮುಂದೆ ನಮ್ಮವರು ಹೇಳುವ 'ನಡೆಯುತ್ತದೆ' ಎಂಬ ಅರ್ಥವೂ ಅದಕ್ಕೇ ಉಂಟು. ಒಬ್ಬರನ್ನೊಬ್ಬರು ಕೇಳದೆ ಇಷ್ಟು ಜನ ಒಂದೇ ಹಾದಿ ಹಿಡಿದಿರುವಾಗ ಅದಕ್ಕೆ ಏನೋ ಕಾರಣವಿರಬೇಕು.

ಇಂಗ್ಲಿಷಿನಲ್ಲಿ ನಡತೆಗೆ 'ಬಿಹೇವಿಯರ್' ಎನ್ನುವರು. ಅದರ ಮೂಲದಲ್ಲಿರುವುದು ಹೊಂದುವ, ಹಿಡಿದುಕೊಳ್ಳುವ ಭಾವ: ಮನುಷ್ಯ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ರೀತಿ. ಅದೂ ಸೊಗಸಾದ ಕಲ್ಪನೆಯೇ. ಆದರೆ ಹಿಡಿದುಕೊಂಡು ನಿಂತಲ್ಲಿಯೇ ನಿಂತಿರಬಹುದು. ನಮ್ಮ ಮಾತು ಹಾಗೆ ನಿಲ್ಲಗೊಡುವುದಿಲ್ಲ. ಅದರ ಪ್ರಕಾರ ಒಳ್ಳೆಯತನವೆಂಬುದು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ; ಕಾಲು ಎತ್ತಿ ಇಡುವವರೆಗೆ ಅದು ಇಲ್ಲವೇ ಇಲ್ಲ. ನಿನ್ನೆ ಹತ್ತು ಮೈಲಿ ನಡೆದವನೂ ಇಂದಿನ ಮೊದಲ ಹೆಜ್ಜೆಯನ್ನು ಇಂದೇ ಇಡಬೇಕು.

ಇನ್ನೂ ಹತ್ತಿರದಿಂದ ನೋಡೋಣ. ನಡೆಯುವುದೆಂದರೇನು? ಒಂದು ಕಾಲನ್ನೆತ್ತಿದೊಡನೆ ದೇಹ ಮುಂದಕ್ಕೆ ಬೀಳತೊಡಗುತ್ತದೆ. ಇನ್ನೊಂದು ಕಾಲು ಹೋಗಿ ಅದನ್ನು ಹಿಡಿಯುತ್ತದೆ. ಹೀಗೆ ಪ್ರತಿ ಹೆಜ್ಜೆಯೂ ಒಂದು ಬೀಳುವಿಕೆ, ಒಂದು ಚೇತರಿಕೆ. ಸುಮಾರು ಒಂದು ವರ್ಷದ ಮಗುವಿಗೆ ಇದು ಎಷ್ಟು ದೊಡ್ಡ ಸಾಹಸವೆಂಬುದು ಅದರ ಮುಖವನ್ನು ನೋಡಿದರೆ ತಿಳಿಯುತ್ತದೆ. ಎಡವದಿರಬೇಕೆಂದು ಹಟ ಹಿಡಿದವನಿಗೆ ಇರುವ ದಾರಿಯೊಂದೇ: ಕುಳಿತುಬಿಡುವುದು. ಬಾಳಿನಲ್ಲಿ ತಪ್ಪೇ ಮಾಡದವರೆಂದು ಹೆಸರಾದ ಕೆಲವರನ್ನು ವಿಚಾರಿಸಿದರೆ ಅವರು ಎಂದೋ ಕುಳಿತುಬಿಟ್ಟವರೆಂದು ಗೊತ್ತಾಗುತ್ತದೆ.

ಮತ್ತೊಂದು ವಿಷಯ. ಮುಖ ಕಾಣದಷ್ಟು ದೂರದಲ್ಲಿಯೂ ಬರುತ್ತಿರುವವರು ಯಾರೆಂದು ಅವರ ನಡಿಗೆಯಿಂದ ನಮಗೆ ತಿಳಿಯುತ್ತದೆ. ಆದರೆ ಮನುಷ್ಯನಿಗೆ ತನ್ನ ನಡಿಗೆ ಕಾಣದು. ಮುಖವನ್ನು ಕನ್ನಡಿಯ ಮುಂದೆ ತಿದ್ದಿಕೊಳ್ಳಬಹುದು. ಬೆನ್ನ ಹಿಂದಿನಿಂದ ಜನ ಕಾಣುವ ನಡೆಯನ್ನು ಹಾಗೆ ತಿದ್ದಿಕೊಳ್ಳಲಾಗದು. ನುಡಿ ನಮ್ಮ ಮುಖವಾದರೆ ನಡೆ ನಮ್ಮ ಬೆನ್ನು. ಹನ್ನೆರಡನೆಯ ಶತಮಾನದ ವಚನಕಾರರು ನುಡಿ ನಡೆಗಳ ನಡುವಣ ಅಂತರವನ್ನು ಅಷ್ಟು ಕಟುವಾಗಿ ಖಂಡಿಸಿದುದಕ್ಕೂ, ನೆಲೆನಿಂತ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನು ಮೇಲೆಂದು ಎಣಿಸಿದುದಕ್ಕೂ ಒಳಗೊಳಗೆ ಸಂಬಂಧವಿದೆಯೆಂದು ನನ್ನ ಭಾವನೆ.

ಜೈನರು ಇದನ್ನು ಅಲಂಕಾರವಾಗಿ ಬಿಡದೆ ಅಕ್ಷರಶಃ ಆಚರಿಸಿದರು. ಅವರ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ, ಎಂದರೆ ನಡೆಯುವುದರಲ್ಲಿ ಎಚ್ಚರ. ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಹುಳುಹುಪ್ಪಟೆಗಳಿಗೆ ನೋವಾಗದಂತೆ ಹೆಜ್ಜೆಯಿಡಬೇಕು. ನೆಲದ ಮೇಲೆ ಜೀವಗಳು ತುಂಬುವ ಮಳೆಗಾಲದ ನಾಲ್ಕು ತಿಂಗಳು ಸಂಚಾರವನ್ನೇ ನಿಲ್ಲಿಸಿ ಒಂದೆಡೆ ನೆಲಸಬೇಕು. ಶ್ರವಣಬೆಳಗೊಳದ ಹಾದಿಯಲ್ಲಿ ಬರಿಗಾಲಿನಲ್ಲಿ, ತಗ್ಗಿಸಿದ ಕಣ್ಣಿನಿಂದ ಹೋಗುವ ಮುನಿಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಅಹಿಂಸೆಯೆಂಬ ಮಹಾತತ್ತ್ವ ಅಲ್ಲಿ ಪಾದದ ಅಡಿಯಿಂದ ಮೊದಲಾಗುತ್ತದೆ. ನಾನು ಹೋಗಬೇಕಾದ ಊರು ಯಾವುದೆಂಬುದಕ್ಕಿಂತ ಮೊದಲು, ಹೋಗುವಾಗ ನನ್ನ ಕಾಲಡಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದುದು ಈ ಮಾತಿನ ಹಿರಿಮೆ. ಇನ್ನು ಅದರ ಅಪಾಯವನ್ನು ಹೇಳಬೇಕು. ಅದು ಇರುವುದು ಮೂರನೆಯ ಪಾಲಿನಲ್ಲಿ. ಮೊದಲೆರಡು ಪಾಲುಗಳಲ್ಲಿ ನಡೆಯುವವನೊಬ್ಬನಿದ್ದಾನೆ: ನಾನು ನಡೆದೆ, ನೀವು ಚೆನ್ನಾಗಿ ನಡೆದುಕೊಂಡಿರಿ. ಮೂರನೆಯದರಲ್ಲಿ ಮನುಷ್ಯ ಮಾಯವಾಗುತ್ತಾನೆ. ಮದುವೆ ನಡೆಯಿತು, ಮೋಸ ನಡೆಯಿತು, ಅನ್ಯಾಯ ನಡೆಯಿತು. ಅನ್ಯಾಯವು ತನ್ನ ಕಾಲಿನ ಮೇಲೆ ತಾನೇ ನಡೆದುಬಂತೋ ಎಂಬಂತೆ ವಾಕ್ಯ ನಿಲ್ಲುತ್ತದೆ. ವ್ಯಾಕರಣದಲ್ಲಿ ಇದಕ್ಕೆ ದೋಷವಿಲ್ಲ. ಬಾಳಿನಲ್ಲಿ ದೋಷವುಂಟೆಂಬುದನ್ನು ನಾನು ತಿಳಿದುದು ನನ್ನ ಕೈಬರಹದಿಂದಲೇ.

ಕೆಲವು ವರ್ಷಗಳ ಹಿಂದೆ ಒಂದು ಪಾಠಶಾಲೆಯ ಆಡಳಿತ ಸಮಿತಿಯಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಶಾಲೆಯ ಹೆಸರು ಬೇಡ. ಅಲ್ಲಿ ಕಸ ಗುಡಿಸಿ ನೀರು ತುಂಬುತ್ತಿದ್ದ ಹೆಂಗಸೊಬ್ಬಳಿಗೆ ಬೇಸಗೆಯ ಎರಡು ತಿಂಗಳ ರಜೆಯಲ್ಲಿ ಸಂಬಳವಿರುತ್ತಿರಲಿಲ್ಲ. ಉಪಾಧ್ಯಾಯರಿಗೆ ಇತ್ತು, ಗುಮಾಸ್ತೆಗೆ ಇತ್ತು, ಅವಳಿಗೆ ಇರಲಿಲ್ಲ. ಯಾರ ಕೈಯಲ್ಲೋ ಬರೆಸಿ ಒಂದು ಅರ್ಜಿ ಕೊಟ್ಟಿದ್ದಳು. ಸಭೆಯಲ್ಲಿ ನಾನೇ ಅದನ್ನು ಓದಿದೆ. ಒಬ್ಬರು, 'ಮೊದಲಿನಿಂದಲೂ ನಡೆದುಬಂದದ್ದು ಹೀಗೆಯೇ' ಎಂದರು. ಇನ್ನೊಬ್ಬರು, 'ಇಷ್ಟು ವರ್ಷ ಹೇಗೋ ನಡೆಯಿತಲ್ಲ' ಎಂದರು. ಮೂರನೆಯವರು, 'ಈ ವರ್ಷಕ್ಕೆ ಹೀಗೆಯೇ ನಡೆಯಲಿ' ಎಂದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ನಾನು ನಡವಳಿ ಪುಸ್ತಕದಲ್ಲಿ, 'ಹಿಂದಿನಿಂದ ನಡೆದುಬಂದಂತೆ ನಡೆಯತಕ್ಕದ್ದು' ಎಂದು ದುಂಡಾಗಿ ಬರೆದು, ಕೆಳಗೆ ಅಧ್ಯಕ್ಷರ ರುಜು ಹಾಕಿಸಿದೆ.

ಹೊರಗೆ ಬಂದರೆ ಅವಳು ಜಗಲಿಯ ಕಂಬದ ಬಳಿ ನಿಂತಿದ್ದಳು. 'ಏನು ನಡೀತು ಸ್ವಾಮಿ?' ಎಂದಳು.

'ಏನೂ ನಡೆಯಲಿಲ್ಲವಮ್ಮ' ಎಂದೆ.

ಅವಳು ಮತ್ತೇನನ್ನೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಅವಳ ಹಳ್ಳಿ ಅಲ್ಲಿಗೆ ನಾಲ್ಕು ಮೈಲಿ. ದಿನವೂ ನಡೆದೇ ಬಂದು ನಡೆದೇ ಹೋಗುವವಳು. ಆ ದಿನ ಒಂದು ಗಂಟೆಯ ಕಾಲ ನಮ್ಮ ಕೊಠಡಿಯಲ್ಲಿ ನಡೆ ಎಂಬ ಮಾತು ಎಷ್ಟೋ ಸಲ ಕೇಳಿಬಂದಿತ್ತು. ನಿಜವಾಗಿ ನಡೆದವಳು ಅವಳೊಬ್ಬಳೇ. ನಾವೆಲ್ಲ ಕುರ್ಚಿಯ ಮೇಲೆ ಕುಳಿತಿದ್ದೆವು; ನಮ್ಮ ಪರವಾಗಿ ವಾಕ್ಯಗಳು ನಡೆದಿದ್ದವು.

ಈ ಬಗೆಯ ವಾಕ್ಯಗಳು ಮುಖ್ಯವಾಗಿ ಮೂರು. 'ನಡೆದುಬಂದಿದೆ' ಎನ್ನುವುದು ರೂಢಿಯ ಹೆಸರಿನಲ್ಲಿ. 'ನಡೆಯುತ್ತದೆ' ಎನ್ನುವುದು ಅನುಕೂಲದ ಹೆಸರಿನಲ್ಲಿ. 'ನಡೆದುಹೋಯಿತು' ಎನ್ನುವುದು ವಿಧಿಯ ಹೆಸರಿನಲ್ಲಿ. ಮೂರರಲ್ಲಿಯೂ 'ನಾನು' ಎಂಬ ಪದಕ್ಕೆ ಎಡೆಯಿಲ್ಲ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆ ಬರುತ್ತದೆ. ರೂಢಿಯೆಲ್ಲ ಕೆಟ್ಟದ್ದೇ? ಪ್ರತಿದಿನ ಬೆಳಿಗ್ಗೆ ಎದ್ದು ಎಲ್ಲವನ್ನೂ ಹೊಸದಾಗಿ ನಿರ್ಧರಿಸುತ್ತ ಕುಳಿತರೆ ಸಂಸಾರ ಸಾಗುವುದೇ? ಹೊಲದ ನಡುವಣ ಕಾಲುದಾರಿಯನ್ನು ಯಾರೂ ಅಳೆದು ಕಟ್ಟಿದ್ದಲ್ಲ. ನಡೆದ ಪಾದಗಳೇ ಅದನ್ನು ಮಾಡಿದವು. ಹಿರಿಯರು ನಡೆದುದರಿಂದ ನಮಗೆ ಹಾದಿಯಾಯಿತು. ಹಾಗೆಯೇ, ಮನುಷ್ಯನ ಕೈಯಲ್ಲಿಲ್ಲದ ಸಂಗತಿಗಳೂ ಲೋಕದಲ್ಲಿ ಎಷ್ಟೋ ಇವೆ. ಮಳೆ ಬಾರದೆ ಹೋದದ್ದಕ್ಕೆ, ಚಿಕ್ಕ ಮಗು ಜ್ವರದಿಂದ ತೀರಿಕೊಂಡುದಕ್ಕೆ, ಕರ್ತೃವನ್ನು ಹುಡುಕುತ್ತ ಹೋದರೆ ಹುಚ್ಚು ಹಿಡಿಯಬಹುದು. 'ನಡೆದುಹೋಯಿತು' ಎಂಬ ಮಾತು ಅಂಥ ಮನೆಗಳಲ್ಲಿ ಎಷ್ಟು ಜನರನ್ನು ಮತ್ತೆ ಊಟಕ್ಕೆ ಎಬ್ಬಿಸಿದೆಯೋ!

ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದಕಾರಣ ಮಾತನ್ನೇ ಬಿಡಬೇಕೆಂದು ಹೇಳಲಾರೆ. ಅದನ್ನು ಎಲ್ಲಿ ಹೇಳಬಹುದು, ಎಲ್ಲಿ ಹೇಳಬಾರದು ಎಂಬುದಕ್ಕೆ ಒಂದು ಅಳತೆಗೋಲು ಬೇಕು. ಬಹುಕಾಲ ಯೋಚಿಸಿದ ಮೇಲೆ ನನಗೆ ದೊರೆತುದು ಇಷ್ಟು: ಈ ಮಾತಿನ ನಷ್ಟವನ್ನು ಹೊರುವವರು ಯಾರು? ಸಕ್ಕರೆ ಕಡಮೆಯಾದ ಕಾಫಿಯನ್ನು ಕುಡಿಯುವವನು 'ನಡೆಯುತ್ತದೆ' ಎಂದರೆ ಅದು ಸೌಜನ್ಯ. ಕೊಟ್ಟವನು ಹಾಗೆಂದರೆ ಅದು ಉದಾಸೀನ. ಮಗನನ್ನು ಕಳೆದುಕೊಂಡ ತಾಯಿ 'ನಡೆದುಹೋಯಿತು' ಎಂದರೆ ಅದು ಧೈರ್ಯ. ರಸ್ತೆಯ ಗುಂಡಿಯನ್ನು ಮುಚ್ಚಿಸದೆ ಬಿಟ್ಟ ಅಧಿಕಾರಿ ಅದೇ ತಾಯಿಗೆ ಅದನ್ನೇ ಹೇಳಿದರೆ ಅದು ಕ್ರೌರ್ಯ. ನಮ್ಮ ಶಾಲೆಯ ಆ ಹೆಂಗಸು 'ಇಷ್ಟು ದಿನ ಹೀಗೇ ನಡೆಯಿತು' ಎಂದಿದ್ದರೆ ಅದು ತಾಳ್ಮೆಯಾಗುತ್ತಿತ್ತು. ನಾವು ಹೇಳಿದುದರಿಂದ ಅದು ಕಳ್ಳತನಕ್ಕೆ ಹತ್ತಿರವಾಯಿತು. ತನ್ನ ನಷ್ಟದ ಮೇಲೆ ಹೇಳಿಕೊಂಡಾಗ ತತ್ತ್ವಜ್ಞಾನವಾಗುವ ಮಾತು, ಇತರರ ನಷ್ಟದ ಮೇಲೆ ಹೇಳಿದಾಗ ಕಲ್ಲೆದೆಯಾಗುತ್ತದೆ. ಅಕ್ಷರ ಒಂದೇ, ಬಾಯಿ ಬೇರೆ.

ಭಾಷೆಯೇ ಈ ರೋಗಕ್ಕೆ ಮದ್ದನ್ನೂ ಇಟ್ಟಿದೆ. 'ನಡೆ'ಗೆ 'ಸು' ಸೇರಿದರೆ 'ನಡೆಸು'. ಮನೆ ನಡೆಸುವುದು, ಶಾಲೆ ನಡೆಸುವುದು, ಕೊಟ್ಟ ಮಾತನ್ನು ನಡೆಸಿಕೊಡುವುದು. ಇಲ್ಲಿ ಮನುಷ್ಯ ತಪ್ಪಿಸಿಕೊಳ್ಳುವಂತಿಲ್ಲ: ನಡೆಸಿದವನು ಯಾರೆಂದು ವಾಕ್ಯವೇ ಕೇಳುತ್ತದೆ. ಒಬ್ಬರನ್ನು ಹೇಗೆ 'ನಡೆಸಿಕೊಳ್ಳುತ್ತೇವೆ' ಎನ್ನುವಾಗಲಂತೂ ಅವರ ನಡಿಗೆ ನಮ್ಮ ಕೈಗೆ ಬಂದಿರುತ್ತದೆ.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಇದರ ಮಹತ್ತ್ವ ತಿಳಿಯುತ್ತದೆ. ಕೆರೆಗೋ ದೇಗುಲಕ್ಕೋ ಅನ್ನಸತ್ರಕ್ಕೋ ಭೂಮಿಯನ್ನು ಬಿಟ್ಟು, ಆ ಧರ್ಮವು ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ಕಲ್ಲಿನಲ್ಲಿ ಕೆತ್ತಿಸಿದರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಅದನ್ನು ನಡೆಸಿದವರಿಗೆ ಇಂಥ ಪುಣ್ಯ, ಕೆಡಿಸಿದವರಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದು ಸೇರಿಸಿದರು. ಏಕೆ? ಧರ್ಮವು ತಾನಾಗಿ ನಡೆಯದೆಂಬುದು ಅವರಿಗೆ ಗೊತ್ತಿತ್ತು. ಇಂದು ಎಷ್ಟೋ ಊರುಗಳಲ್ಲಿ ಕಲ್ಲು ನಿಂತಿದೆ, ಕೆರೆ ಹೂತುಹೋಗಿದೆ. ಕಲ್ಲಿಗೆ ನಿಲ್ಲುವ ಶಕ್ತಿಯುಂಟು, ನಡೆಯುವ ಶಕ್ತಿಯಿಲ್ಲ. ಧರ್ಮಕ್ಕೆ ಪಾದಗಳು ಬೇಕು. ಆ ಪಾದಗಳು ಆಯಾ ಕಾಲದ ಮನುಷ್ಯರವೇ ಆಗಬೇಕು.

ನಡೆದುಬಂದುದಕ್ಕೆ ನಡೆದೇ ಉತ್ತರ ಕೊಟ್ಟ ದೊಡ್ಡ ನಿದರ್ಶನವೊಂದು ನಮ್ಮ ದೇಶದಲ್ಲಿಯೇ ಉಂಟು. ಉಪ್ಪಿನ ಮೇಲಿನ ತೆರಿಗೆ ಬಹುಕಾಲದಿಂದ ನಡೆದುಬಂದಿತ್ತು. ೧೮೮೨ರ ಕಾಯಿದೆ ಅದನ್ನು ಭದ್ರಪಡಿಸಿತ್ತು. ಬಡವನ ಗಂಜಿಗೆ ಬೀಳುವ ಆ ಸುಂಕ ಎಲ್ಲರಿಗೂ ಅಭ್ಯಾಸವಾಗಿಹೋಗಿತ್ತು. ೧೯೩೦ನೆಯ ಇಸವಿ ಮಾರ್ಚಿ ೧೨ರಂದು, ಅರವತ್ತು ದಾಟಿದ ಗಾಂಧೀಜಿ ಎಪ್ಪತ್ತೆಂಟು ಮಂದಿ ಸಂಗಡಿಗರೊಡನೆ ಸಾಬರಮತಿಯಿಂದ ಹೊರಟರು. ದಂಡಿಯ ಕಡಲತೀರ ಸುಮಾರು ೨೪೦ ಮೈಲಿ. ರೈಲಿನಲ್ಲಿ ಬೇಗ ಹೋಗಿ ಮುಟ್ಟಬಹುದಾಗಿತ್ತು. ಅವರು ಇಪ್ಪತ್ತನಾಲ್ಕು ದಿನ ನಡೆದರು. ಏಪ್ರಿಲ್ ೬ರ ಬೆಳಿಗ್ಗೆ ಹಿಡಿ ಉಪ್ಪನ್ನು ಎತ್ತಿದರು. ಆ ತಂಡದಲ್ಲಿ ನಮ್ಮ ಮೈಲಾರ ಮಹದೇವಪ್ಪನೂ ಇದ್ದನು; ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ೧೯೪೩ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾಗುವವರೆಗೆ ಅವನ ನಡಿಗೆ ನಿಲ್ಲಲಿಲ್ಲ.

ರೈಲನ್ನು ಬಿಟ್ಟು ಏಕೆ ನಡೆಯಬೇಕಾಗಿತ್ತು? ನಡೆದುದರಿಂದ ದಾರಿಯ ಹಳ್ಳಿಗಳು ನೋಡಿದವು, ಕೇಳಿದವು, ಸೇರಿದವು ಎನ್ನುವುದು ಒಂದು ಉತ್ತರ. ನನಗೆ ತೋರುವ ಇನ್ನೊಂದು ಉತ್ತರವೂ ಇದೆ. ಕರ್ತೃವಿಲ್ಲದೆ ನಡೆದುಬಂದ ಅನ್ಯಾಯಕ್ಕೆ ಎದುರಾಗಿ, ಪ್ರತಿ ಹೆಜ್ಜೆಗೂ ಕರ್ತೃವಿರುವ ಒಂದು ನಡೆಯನ್ನು ಅವರು ಇಟ್ಟರು. 'ನಡೆಯುತ್ತಿದೆ' ಎಂಬುದಕ್ಕೆ ಎದುರಾಗಿ 'ನಾನು ನಡೆಯುತ್ತೇನೆ' ಎಂದರು. ಎಲ್ಲ ನೀತಿಯೂ ಕಡೆಗೆ ಈ ಎರಡು ವಾಕ್ಯಗಳ ನಡುವಣ ವ್ಯತ್ಯಾಸವೇ ಇರಬಹುದು.

ಹಿಂದೆ ದೊಡ್ಡವರು ಮೆರವಣಿಗೆಯಲ್ಲಿ ಬರುವಾಗ ಅವರ ಪಾದಕ್ಕೆ ಮಣ್ಣು ತಾಗದಂತೆ ಮುಂದೆ ಮುಂದೆ ಬಟ್ಟೆ ಹಾಸುತ್ತಿದ್ದರು; ಅದಕ್ಕೆ ನಡೆಮಡಿಯೆಂದು ಹೆಸರು. ಸಮಿತಿಗಳಲ್ಲಿ ಕೂಡುವ ನಮ್ಮಂಥವರಿಗೆ ಇಂದು ಅದನ್ನು ಯಾರೂ ಹಾಸುವುದಿಲ್ಲ. 'ನಡೆದುಬಂದಂತೆ' ಎಂಬ ಮಾತೇ ನಮ್ಮ ನಡೆಮಡಿ. ಅದರ ಮೇಲೆ ಕಾಲಿಟ್ಟವರಿಗೆ ಕೆಳಗಿನ ನೆಲದ ಬಿಸಿ ತಿಳಿಯದು.

ಮುಂದಿನ ಬೇಸಗೆಗೆ ಮೊದಲು ನಾನು ಆ ಹೆಂಗಸಿನ ವಿಷಯವನ್ನು ಸಭೆಯಲ್ಲಿ ಮತ್ತೆ ಎತ್ತಿದೆ. ಎರಡು ಸಭೆಗಳಲ್ಲಿ ಚರ್ಚೆಯಾಗಿ, ರಜೆಯ ದಿನಗಳಿಗೆ ಅರ್ಧ ಸಂಬಳ ಕೊಡುವುದೆಂದು ತೀರ್ಮಾನವಾಯಿತು. ಆ ಹಣವನ್ನು ಮೊದಲು ಪಡೆದವಳು ಅವಳಲ್ಲ. ಅಷ್ಟರಲ್ಲಿ ಅವಳು ಕೆಲಸ ಬಿಟ್ಟಿದ್ದಳು, ಬೇರೊಬ್ಬಳು ಬಂದಿದ್ದಳು. ಹಳ್ಳಿಯವರನ್ನು ವಿಚಾರಿಸಿದಾಗ, ಮಗಳ ಊರಿಗೆ ಹೋದಳೆಂದರು. ಇದನ್ನು ನನ್ನ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಹೆಜ್ಜೆ ತಡವಾದರೆ ಹೋಗಿ ಸೇರುವ ಊರೂ ಬೇರೆಯಾಗುತ್ತದೆಂದು ಹೇಳುತ್ತಿದ್ದೇನೆ, ಅಷ್ಟೆ.

ಆ ಎರಡನೆಯ ನಿರ್ಣಯವನ್ನು ಬರೆಯುವಾಗ ಲೇಖನಿ ಅಭ್ಯಾಸದಂತೆ 'ಕೊಡುವ ಕ್ರಮ ನಡೆಯತಕ್ಕದ್ದು' ಎಂದು ಹೊರಟಿತ್ತು. ಅದನ್ನು ಹೊಡೆದುಹಾಕಿ, 'ಕಾರ್ಯದರ್ಶಿಯು ಪ್ರತಿ ತಿಂಗಳ ಒಂದನೆಯ ತಾರೀಖು ಕೊಡತಕ್ಕದ್ದು' ಎಂದು ಬರೆದೆ. ಪುಸ್ತಕದಲ್ಲಿ ಆ ಪುಟ ಚೆನ್ನಾಗಿ ಕಾಣುವುದಿಲ್ಲ.